ಮುಳ್ಳಿನ ಓಟ: ಮೋಡದೊಳಗೆ ರೇಡಿಯೋ ಗೆರೆ ಹಿಡಿಯುವ ಬಗೆ

(ಮಡಿಕೇರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ನಿವೃತ್ತ ಹಾರಾಟ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ.)

ಕಿಟಕಿಯ ಹೊರಗೆ ಒಮ್ಮೆ ನೋಡಿ. ಅರ್ಧ ಗಂಟೆಯ ಹಿಂದೆ ಎದುರಿನ ಸಿಲ್ವರ್ ಓಕ್ ಮರಗಳು ಕಾಣುತ್ತಿದ್ದವು. ಈಗ ಅಂಗಳದ ಗೇಟೂ ಕಾಣುತ್ತಿಲ್ಲ. ಕುಶಾಲನಗರದ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಬಂದವರು ಗಮನಿಸಿರಬಹುದು: ಸುಂಟಿಕೊಪ್ಪ ದಾಟಿದ ಮೇಲೆ ಮಂಜು ಕವಿದರೆ ಚಾಲಕರು ದೂರ ನೋಡುವುದನ್ನು ಬಿಟ್ಟು ರಸ್ತೆಯ ಅಂಚಿನ ಬಿಳಿ ಗೆರೆಯನ್ನೇ ನಂಬಿ ಸಾಗುತ್ತಾರೆ. ಗೆರೆ ಕಾಣುವವರೆಗೆ ಬಸ್ಸು ಹೋಗುತ್ತದೆ, ಗೆರೆ ಮರೆಯಾದರೆ ನಿಲ್ಲುತ್ತದೆ.

ಮೋಡದೊಳಗಿರುವ ಪೈಲಟ್‌ಗೂ ಅಂಥದೇ ಗೆರೆ ಬೇಕು. ವ್ಯತ್ಯಾಸವೇನೆಂದರೆ ಅವನು ನಿಲ್ಲುವಂತಿಲ್ಲ. ಅವನ ಗೆರೆ ಸುಣ್ಣಬಣ್ಣದ್ದಲ್ಲ, ರೇಡಿಯೋ ಅಲೆಗಳು ಎಳೆದದ್ದು. ಮುಂದಿನ ಫಲಕದಲ್ಲಿ ಗಡಿಯಾರದಂಥ ಒಂದು ಗುಂಡು ಉಪಕರಣವಿರುತ್ತದೆ. ಅದರೊಳಗೆ ನೆಟ್ಟಗೆ ನಿಂತಿರುವ ಒಂದು ಮುಳ್ಳು. ವಿಮಾನದ ಮೂಗು ಹೆಚ್ಚುಕಡಿಮೆ ನೀವು ಆರಿಸಿಕೊಂಡ ದಿಕ್ಕಿಗೇ ಇದ್ದಾಗ, ಮುಳ್ಳು ನಡುವೆ ಇದ್ದರೆ ನೀವು ಗೆರೆಯ ಮೇಲಿದ್ದೀರಿ, ಮುಳ್ಳು ಬಲಕ್ಕಿದ್ದರೆ ಗೆರೆ ನಿಮ್ಮ ಬಲಕ್ಕಿದೆ. ಗೆರೆಯ ಮೇಲೆ ನೇರವಾಗಿ ಸಾಗುವುದು ಒಂದು ವಿದ್ಯೆ. ಎಲ್ಲಿಂದಲೋ ಓರೆಯಾಗಿ ಬಂದು, ದಾಟಿಹೋಗದೆ, ತತ್ತರಿಸದೆ ಆ ಗೆರೆಯನ್ನು ಸೇರಿಕೊಳ್ಳುವುದು ಇನ್ನೊಂದು ವಿದ್ಯೆ. ಇವತ್ತು ನಾನು ಆ ಎರಡನೆಯದನ್ನು ಮಾತ್ರ ಹೇಳುತ್ತೇನೆ. ಒಂದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಒಂದು ಗಂಟೆಯ ಮಾತೇ ಎಂದು ಕೇಳಬೇಡಿ. ಮೂವತ್ತು ವರ್ಷ ಕಲಿಸಿದ ಮೇಲೂ ನನಗೆ ಅತ್ಯಂತ ಪ್ರಿಯವಾದ ಪಾಠ ಇದೇ.

ಇಲ್ಲಿಗೆ ಬರುವಾಗ ನಿಮ್ಮಲ್ಲಿ ಅನೇಕರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತವನ್ನು ಹಾದು ಬಂದಿರುತ್ತೀರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಅವರು ತೀರಿಕೊಂಡರು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಕೊಡಗಿನಲ್ಲಿ ಹಾರಾಟದ ಮಾತು ಬಂದರೆ ನಾವು ಸಾಹಸದ ಕಥೆಯನ್ನೇ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೇಬೇಕು. ಆದರೆ ಆ ಸಾಹಸದ ಹಿಂದೆ ಸಾವಿರಾರು ಗಂಟೆಗಳ ಸಪ್ಪೆಯಾದ ಅಭ್ಯಾಸವಿರುತ್ತದೆ. ಮಕ್ಕಳಿಗೆ ಅದನ್ನೂ ಹೇಳಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಇವತ್ತು ಶೌರ್ಯದ ಮಾತಿಲ್ಲ. ಇರುವುದು ಲೆಕ್ಕದ ಮಾತು.

ಮೊದಲು ಈ ಗೆರೆ ಹುಟ್ಟಿದ ಬಗೆ. ಮೋಡದಲ್ಲಿ ಹಾರುವುದು ಬಹುಕಾಲ ಸಾವಿನ ಜೊತೆ ಆಡಿದಂತಿತ್ತು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ತಮ್ಮ ಆಸನದ ಮೇಲೆ ಪರದೆ ಮುಚ್ಚಿಕೊಂಡು, ಹೊರಗೆ ಏನನ್ನೂ ನೋಡದೆ, ಉಪಕರಣಗಳನ್ನಷ್ಟೇ ನೋಡಿ ಮೇಲೇರಿದರು, ಒಂದು ಸುತ್ತು ಹಾಕಿದರು, ಇಳಿದರು. ಅವರ ಮುಂದೆ ಕಂಪಿಸುವ ಎರಡು ಪುಟ್ಟ ಲೋಹದ ಪಟ್ಟಿಗಳಿದ್ದವು. ಎರಡೂ ಸಮನಾಗಿ ಅದುರಿದರೆ ವಿಮಾನ ರೇಡಿಯೋ ಗೆರೆಯ ಮೇಲಿದೆ ಎಂದರ್ಥ. ಒಂದು ಹೆಚ್ಚು ಅದುರಿದರೆ ಗೆರೆಯಿಂದ ಪಕ್ಕಕ್ಕೆ ಸರಿದಿದೆ ಎಂದರ್ಥ. ನಮ್ಮ ಮುಳ್ಳಿನ ಅಜ್ಜ ಅದು.

ಅದೇ ಕಾಲದ ಇನ್ನೊಂದು ವ್ಯವಸ್ಥೆಯಲ್ಲಿ ಗೆರೆ ಕಣ್ಣಿಗಲ್ಲ, ಕಿವಿಗೆ ಸಿಗುತ್ತಿತ್ತು. ನೆಲದ ಕೇಂದ್ರವೊಂದು ಒಂದು ಕಡೆಗೆ ಮೋರ್ಸ್ ಸಂಕೇತದ ಎ ಅಕ್ಷರವನ್ನು ಕಳಿಸುತ್ತಿತ್ತು: ಡಿ-ಡಾ, ಡಿ-ಡಾ. ಪಕ್ಕದ ಕಡೆಗೆ ಎನ್ ಅಕ್ಷರ: ಡಾ-ಡಿ, ಡಾ-ಡಿ. ಎರಡೂ ಸಮನಾಗಿ ಕೇಳುವ ಜಾಗದಲ್ಲಿ ಒಂದರ ಬಿಡುವನ್ನು ಇನ್ನೊಂದು ತುಂಬಿ ಎಡೆಬಿಡದ ಒಂದೇ ಹಮ್ಮು ಕೇಳಿಸುತ್ತಿತ್ತು. ತಂಬೂರಿಯ ಶ್ರುತಿಯಂತೆ. ಆ ಶ್ರುತಿಯೇ ದಾರಿ. ಗೆರೆಯನ್ನು ಸಮೀಪಿಸುವಾಗ ಎ ಅಕ್ಷರ ನಿಧಾನವಾಗಿ ಕರಗುತ್ತಾ ಶ್ರುತಿಯಲ್ಲಿ ಲೀನವಾಗುವುದನ್ನು ಆ ಕಾಲದ ಪೈಲಟ್‌ಗಳು ಕಿವಿಯಲ್ಲೇ ಅಳೆಯುತ್ತಿದ್ದರು. ಎಷ್ಟು ಬೇಗ ಕರಗುತ್ತಿದೆ ಎಂಬುದರ ಮೇಲೆ ಯಾವಾಗ ತಿರುಗಬೇಕೆಂದು ನಿರ್ಧರಿಸುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಎರಡನೇ ಮಹಾಯುದ್ಧದ ನಂತರ ವಿಓಆರ್ ಎಂಬ ಕೇಂದ್ರಗಳು ಬಂದವು. ಅದನ್ನು ಹೀಗೆ ಕಲ್ಪಿಸಿಕೊಳ್ಳಿ. ಕಡಲತೀರದ ಒಂದು ದೀಪಸ್ತಂಭ. ಅದರ ಬೆಳಕಿನ ಕೋಲು ಒಂದೇ ವೇಗದಲ್ಲಿ ಸುತ್ತುತ್ತಿದೆ. ಕೋಲು ಉತ್ತರಕ್ಕೆ ಬಂದ ಕ್ಷಣದಲ್ಲಿ ಎಲ್ಲ ದಿಕ್ಕಿಗೂ ಕಾಣುವಂತೆ ಇನ್ನೊಂದು ದೀಪ ಒಮ್ಮೆ ಮಿನುಗುತ್ತದೆ. ನೀವು ಮಿನುಗು ಕಂಡ ಕ್ಷಣದಿಂದ ಕೋಲು ನಿಮ್ಮ ಮುಖಕ್ಕೆ ಬರುವವರೆಗೆ ಎಣಿಸಿದರೆ ಸ್ತಂಭದಿಂದ ನೀವು ಯಾವ ದಿಕ್ಕಿನಲ್ಲಿದ್ದೀರಿ ಎಂದು ತಿಳಿಯುತ್ತದೆ. ವಿಓಆರ್ ಇದನ್ನೇ ಸೆಕೆಂಡಿಗೆ 30 ಬಾರಿ ರೇಡಿಯೋದಲ್ಲಿ ಮಾಡುತ್ತದೆ. ಕೇಂದ್ರದಿಂದ ಬಂಡಿಚಕ್ರದ ಅರೆಕಾಲುಗಳಂತೆ 360 ಗೆರೆಗಳು ಹೊರಡುತ್ತವೆ ಎಂದುಕೊಳ್ಳಿ. ಒಂದೊಂದು ಗೆರೆಗೂ ರೇಡಿಯಲ್ ಎಂದು ಹೆಸರು. 108ರಿಂದ 117.95 ಮೆಗಾಹರ್ಟ್ಸ್‌ವರೆಗಿನ ತರಂಗಾಂತರದಲ್ಲಿ ಕೇಂದ್ರವನ್ನು ಹಿಡಿದು, ಅದರ ಮೋರ್ಸ್ ಗುರುತನ್ನು ಕಿವಿಯಾರೆ ಕೇಳಿ, ಬೇಕಾದ ಕೋರ್ಸನ್ನು, ಅಂದರೆ ನೀವು ಸಾಗಬೇಕಾದ ಗೆರೆಯ ದಿಕ್ಕನ್ನು, ಗುಂಡಿ ತಿರುಗಿಸಿ ಇಟ್ಟರೆ ಮುಳ್ಳು ಮಾತನಾಡಲು ಶುರು ಮಾಡುತ್ತದೆ. ಗುರುತನ್ನು ಕೇಳದೆ ಮುಳ್ಳನ್ನು ನಂಬಿದ ವಿದ್ಯಾರ್ಥಿಯನ್ನು ನಾನು ಆ ದಿನ ಮುಂದೆ ಹಾರಲು ಬಿಡುತ್ತಿರಲಿಲ್ಲ.

ಮುಳ್ಳು ಏನನ್ನು ಅಳೆಯುತ್ತದೆ? ಕೋನವನ್ನು. ದೂರವನ್ನಲ್ಲ. ವಿಓಆರ್‌ನಲ್ಲಿ ನಡುವಿನಿಂದ ಒಂದು ತುದಿಗೆ 10 ಡಿಗ್ರಿ. ನಡುವೆ ಸಾಮಾನ್ಯವಾಗಿ ಐದು ಗುರುತುಗಳು, ಒಂದೊಂದು ಚುಕ್ಕೆಗೆ 2 ಡಿಗ್ರಿ. ಮುಂದಿನ ಮಾತೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಇದನ್ನು ತರಗತಿಯಲ್ಲಿ ಕಲಿಸಿದರೆ ಮನಸ್ಸಿಗೆ ಇಳಿಯುವುದಿಲ್ಲ. ನಾನು ನನ್ನ ವಿದ್ಯಾರ್ಥಿಗಳನ್ನು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಒಂದು ಗೂಟ ನೆಡುವುದು. ಗೂಟದಿಂದ ಹಗ್ಗ ಕಟ್ಟಿ ನೆಟ್ಟಗೆ ಎಳೆಯುವುದು. ಗೂಟದಿಂದ ಅರವತ್ತು ಹೆಜ್ಜೆ ದೂರ ಹೋಗಿ, ಹಗ್ಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರೆ, ಗೂಟದ ಕಣ್ಣಿನಲ್ಲಿ ನೀವು ಹೆಚ್ಚುಕಡಿಮೆ 1 ಡಿಗ್ರಿ ಸರಿದಿದ್ದೀರಿ. ಇದು ಹಾರಾಟದವರ ಅರವತ್ತರ ನಿಯಮ: 60 ಮೈಲಿಯಲ್ಲಿ 1 ಡಿಗ್ರಿ ಎಂದರೆ 1 ಮೈಲಿ. ಈಗ ಗೂಟದತ್ತ ನಡೆದು ಬನ್ನಿ. ಮೂವತ್ತು ಹೆಜ್ಜೆಯಲ್ಲಿ 1 ಡಿಗ್ರಿ ಎಂದರೆ ಅರ್ಧ ಹೆಜ್ಜೆ. ಆರು ಹೆಜ್ಜೆ ಉಳಿದಾಗ? ನಾಲ್ಕು ಬೆರಳಿನ ಅಗಲ. ಅಲ್ಲಿ ನೀವು ಸುಮ್ಮನೆ ಮೈಭಾರ ಬದಲಿಸಿದರೂ ಮುಳ್ಳು ಒಂದು ಡಿಗ್ರಿ ಓಡುತ್ತದೆ. ಅರವತ್ತು ಹೆಜ್ಜೆಯಲ್ಲಿ ಸೋಮಾರಿಯಾಗಿದ್ದ ಅದೇ ಮುಳ್ಳು ಆರು ಹೆಜ್ಜೆಯಲ್ಲಿ ಬೆದರಿದ ಕರುವಾಗುತ್ತದೆ. ಗೆರೆ ಬದಲಾಗಿಲ್ಲ, ವಿಮಾನ ಬದಲಾಗಿಲ್ಲ, ಗೂಟ ಹತ್ತಿರವಾಗಿದೆ, ಅಷ್ಟೇ.

ಈಗ ನನ್ನ ಕಲಿಕೆಯ ದಿನಗಳ ಒಂದು ಬೆಳಗ್ಗೆ. ಹೊರಗಿನ ನೋಟ ಮರೆಯಾಗುವಂತೆ ನನ್ನ ತಲೆಗೆ ಮುಸುಕು ಹಾಕಿದ್ದರು. ಉಪಕರಣ ಫಲಕ ಮಾತ್ರ ಕಾಣುತ್ತಿತ್ತು. ಒಂದು ರೇಡಿಯಲ್ ಹಿಡಿದು ಕೇಂದ್ರದ ಕಡೆಗೆ ಹೋಗಬೇಕಿತ್ತು. ನಾನು 45 ಡಿಗ್ರಿ ಓರೆಯಲ್ಲಿ ಗೆರೆಯತ್ತ ಹೋದೆ. ಮುಳ್ಳು ತುದಿಯಲ್ಲಿ ಕದಲದೆ ನಿಂತಿತ್ತು. ಕಾದೆ. ಅದು ಕದಲಿತು. ನಡುವೆ ಬರಲಿ, ಆಮೇಲೆ ತಿರುಗೋಣ ಎಂದು ಮತ್ತೂ ಕಾದೆ. ನಡುವೆ ಬಂತು, ತಿರುಗಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ತಿರುಗಿ ಮುಗಿಯುವಷ್ಟರಲ್ಲಿ ಮುಳ್ಳು ಆಚೆ ಬದಿಗೆ ಹೋಗಿತ್ತು. ಗಾಬರಿಯಿಂದ ಈ ಕಡೆಗೆ ವಾಲಿಸಿದೆ. ಅದು ನಡುವೆ ಬಂದು, ನಿಲ್ಲದೆ, ಈಚೆಗೆ ಹೋಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಹಾವು ಹರಿದಂತೆ ಹೋದೆವು. ಕೇಂದ್ರ ಹತ್ತಿರ ಬಂದಷ್ಟೂ ಮುಳ್ಳಿನ ಹುಚ್ಚು ಹೆಚ್ಚಾಯಿತು.

ನನ್ನ ಶಿಕ್ಷಕರು ಬೈಯಲಿಲ್ಲ. ಕಿಸೆಯಿಂದ ಒಂದು ಚೀಟಿ ತೆಗೆದು, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಆ ಉಪಕರಣದ ಗಾಜಿನ ಮೇಲೆ ಅಂಟಿಸಿದರು. ಮುಳ್ಳು ಮುಚ್ಚಿಹೋಯಿತು. "ಈಗ ಹೇಳು, ಗೆರೆ ಎಲ್ಲಿದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. "ಕೇಂದ್ರ ಎಷ್ಟು ದೂರದಲ್ಲಿದೆ?" ಗೊತ್ತಿರಲಿಲ್ಲ. "ನಿನ್ನ ಹೆಡಿಂಗ್ ಎಷ್ಟು?" ಹೆಡಿಂಗ್ ಎಂದರೆ ವಿಮಾನದ ಮೂಗು ತೋರುವ ದಿಕ್ಕು. ಅದನ್ನೂ ನೋಡಿ ಹೇಳಬೇಕಾಯಿತು. "ಹಾಗಾದರೆ ನೀನು ವಿಮಾನ ಹಾರಿಸುತ್ತಿರಲಿಲ್ಲ. ಮುಳ್ಳು ನಿನ್ನನ್ನು ಹಾರಿಸುತ್ತಿತ್ತು" ಎಂದರು. ಆ ಚೀಟಿ ಒಣಗಿ ತಾನಾಗಿ ಉದುರುವವರೆಗೆ ನಾನು ಒಂದೇ ಹೆಡಿಂಗ್ ಹಿಡಿದು ನೇರವಾಗಿ ಹಾರಿದೆ. ಚೀಟಿ ಬಿದ್ದಾಗ ನೋಡಿದರೆ ಮುಳ್ಳು ಶಾಂತವಾಗಿ ಒಂದೇ ದಿಕ್ಕಿಗೆ, ಒಂದೇ ಗತಿಯಲ್ಲಿ ಸರಿಯುತ್ತಿತ್ತು. ಮುಳ್ಳಿಗೆ ಒಂದು ವೇಗವಿದೆ ಎಂಬುದನ್ನು ಮೊದಲ ಬಾರಿಗೆ ಕಂಡದ್ದು ಆಗ.

ನಾನು ಹೇಳಬೇಕೆಂದು ಬಂದ ಮಾತು ಇದು: ಮುಳ್ಳು ಎಲ್ಲಿದೆ ಎಂದು ನೋಡುವುದಲ್ಲ, ಎಷ್ಟು ಬೇಗ ಬರುತ್ತಿದೆ ಎಂದು ಎಣಿಸುವುದು. ಎಣಿಸುವುದು ಎಂದರೆ ನಿಜವಾಗಿಯೂ ಸೆಕೆಂಡುಗಳಲ್ಲಿ ಎಣಿಸುವುದು.

ಲೆಕ್ಕ ಮಾಡೋಣ. ತರಬೇತಿಯ ಪುಟ್ಟ ವಿಮಾನ, 90 ನಾಟ್ ವೇಗ, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿ (ಇಲ್ಲಿ ನಾನು ಮೈಲಿ ಎನ್ನುವುದೆಲ್ಲ ಇದನ್ನೇ), ಗಾಳಿ ಇಲ್ಲ. 45 ಡಿಗ್ರಿ ಓರೆಯಲ್ಲಿ ಗೆರೆಯತ್ತ ಹೋಗುತ್ತಿದ್ದೀರಿ. ಗೆರೆಗೆ ಅಡ್ಡಲಾಗಿ ನೀವು ಸಮೀಪಿಸುವ ವೇಗ ಸುಮಾರು 64 ನಾಟ್, ಅಂದರೆ ನಿಮಿಷಕ್ಕೆ ಒಂದು ನಾಟಿಕಲ್ ಮೈಲಿಗಿಂತ ತುಸು ಹೆಚ್ಚು. ಕೇಂದ್ರ 30 ಮೈಲಿ ದೂರದಲ್ಲಿದ್ದರೆ ಅಲ್ಲಿ ಒಂದು ಡಿಗ್ರಿಯ ಅಗಲ ಅರ್ಧ ಮೈಲಿ. ಮುಳ್ಳು ಒಂದು ಚುಕ್ಕೆ ದಾಟಲು ಹತ್ತಿರ ಹತ್ತಿರ ಒಂದು ನಿಮಿಷ ಬೇಕು. ಚಹಾ ಕುಡಿಯುವಷ್ಟು ಹೊತ್ತು. 10 ಮೈಲಿಯಲ್ಲಿ ಅದೇ ಚುಕ್ಕೆಗೆ 19 ಸೆಕೆಂಡು. 3 ಮೈಲಿಯಲ್ಲಿ? ಆರು ಸೆಕೆಂಡೂ ಇಲ್ಲ.

ಇನ್ನು ವಿಮಾನದ ತಿರುವು. ಉಪಕರಣ ಹಾರಾಟದಲ್ಲಿ ನಾವು ಸಾಮಾನ್ಯವಾಗಿ ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುತ್ತೇವೆ. ಎರಡು ನಿಮಿಷಕ್ಕೆ ಒಂದು ಪೂರ್ತಿ ಸುತ್ತು. 45 ಡಿಗ್ರಿ ತಿರುಗಲು 15 ಸೆಕೆಂಡು. ಆ 15 ಸೆಕೆಂಡಿನಲ್ಲಿ ವಿಮಾನ ಗೆರೆಯತ್ತ ಸರಿಯುತ್ತಲೇ ಇರುತ್ತದೆ, ಆದರೆ ಸರಿಯುವ ವೇಗ ಕಡಿಮೆಯಾಗುತ್ತಾ ಕೊನೆಗೆ ಸೊನ್ನೆಯಾಗುತ್ತದೆ. ತ್ರಿಕೋನಮಿತಿ ಗೊತ್ತಿರುವ ವಿದ್ಯಾರ್ಥಿಗಳು ಮನೆಯಲ್ಲಿ ಬಿಡಿಸಿ ನೋಡಿ. ಉತ್ತರ ಬಹಳ ಚೆನ್ನಾಗಿದೆ. ತಿರುವಿನ ಉದ್ದಕ್ಕೂ ನೀವು ಸರಿಯುವ ದೂರ, ತಿರುಗದೆ ಹೋಗಿದ್ದರೆ ಸುಮಾರು 8 ಸೆಕೆಂಡಿನಲ್ಲಿ ಸರಿಯುತ್ತಿದ್ದ ದೂರಕ್ಕೆ ಸಮ. ಹದಿನೈದರ ಅರ್ಧ. 30 ಡಿಗ್ರಿ ಓರೆಯಾದರೆ ತಿರುವಿಗೆ 10 ಸೆಕೆಂಡು, ಸರಿಯುವುದು 5 ಸೆಕೆಂಡಿನಷ್ಟು. ಮತ್ತೆ ಅರ್ಧ.

ಅಂದರೆ ನಿಯಮ ಇಷ್ಟು. ಮುಳ್ಳು ಈಗಿನ ವೇಗದಲ್ಲೇ ಬಂದರೆ ನಡುವನ್ನು ಮುಟ್ಟಲು ಎಷ್ಟು ಸೆಕೆಂಡು ಉಳಿದಿದೆ ಎಂದು ಅಂದಾಜು ಮಾಡಿ. ಆ ಸಂಖ್ಯೆ ನಿಮ್ಮ ತಿರುವಿನ ಕಾಲದ ಅರ್ಧಕ್ಕೆ ಇಳಿದ ಕ್ಷಣದಲ್ಲಿ ತಿರುಗಲು ಶುರು ಮಾಡಿ. ರೆಕ್ಕೆ ವಾಲಿಸಲು ತಗಲುವ ಹೊತ್ತಿಗೆಂದು ಇನ್ನೊಂದೆರಡು ಸೆಕೆಂಡು ಮುಂಚೆ. ಈ ನಿಯಮದ ಸೊಗಸು ಏನೆಂದರೆ ಇದರಲ್ಲಿ ಕೇಂದ್ರದ ದೂರ ಬರುವುದಿಲ್ಲ, ವಿಮಾನದ ವೇಗವೂ ಬರುವುದಿಲ್ಲ. ಅವೆರಡನ್ನೂ ಮುಳ್ಳಿನ ಓಟವೇ ತನ್ನೊಳಗೆ ಹೊತ್ತುಕೊಂಡು ಬಂದಿರುತ್ತದೆ. 30 ಮೈಲಿಯಲ್ಲಿ ಈ ನಿಯಮ ನಿಮಗೆ ಮುಳ್ಳು ನಡುವಿಗೆ ತಾಗುವಷ್ಟು ಹತ್ತಿರ ಬರುವವರೆಗೂ ಕಾಯಿ ಎನ್ನುತ್ತದೆ. 10 ಮೈಲಿಯಲ್ಲಿ ಅರ್ಧ ಚುಕ್ಕೆ ಇರುವಾಗ ತಿರುಗು ಎನ್ನುತ್ತದೆ. 3 ಮೈಲಿಯಲ್ಲಿ ಒಂದೂವರೆ ಚುಕ್ಕೆ ಇರುವಾಗಲೇ ತಿರುಗು ಎನ್ನುತ್ತದೆ. ಇಷ್ಟು ಚುಕ್ಕೆಗೆ ತಿರುಗು ಎಂದು ಬಾಯಿಪಾಠ ಮಾಡಿದವನು ಮೂರರಲ್ಲಿ ಎರಡು ಕಡೆ ತಪ್ಪುತ್ತಾನೆ. ಎಣಿಸಿದವನು ಮೂರೂ ಕಡೆ ಸರಿಯಾಗಿ ಸೇರುತ್ತಾನೆ. ಎ ಅಕ್ಷರ ಕರಗುವ ವೇಗವನ್ನು ಕಿವಿಯಲ್ಲಿ ಅಳೆದ ಆ ಹಳೆಯ ಪೈಲಟ್‌ಗಳು ಮಾಡುತ್ತಿದ್ದದ್ದೂ ಇದನ್ನೇ.

ಕೊಡಗಿನವರಿಗೆ ಇದನ್ನು ವಿವರಿಸಲು ಹಾಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಗಳನ್ನು ನೋಡದವರು ಇಲ್ಲಿ ಯಾರೂ ಇರಲಾರರು. ದೂರದಿಂದ ಜೋರಾಗಿ ಬಂದ ಚೆಂಡನ್ನು ಪಳಗಿದ ಆಟಗಾರ ಹೇಗೆ ನಿಲ್ಲಿಸುತ್ತಾನೆ, ನೋಡಿ. ಕೋಲನ್ನು ಗೋಡೆಯಂತೆ ಬಿಗಿಹಿಡಿದರೆ ಚೆಂಡು ಸಿಡಿದು ಹೋಗುತ್ತದೆ. ಅವನು ಚೆಂಡು ತಾಗುವ ಕ್ಷಣಕ್ಕೆ ಕೋಲನ್ನು ತುಸು ಹಿಂದಕ್ಕೆ ಬಿಟ್ಟುಕೊಡುತ್ತಾನೆ. ಎಷ್ಟು ಬಿಟ್ಟುಕೊಡಬೇಕು ಎಂಬುದು ಚೆಂಡು ಬರುವ ವೇಗದ ಮೇಲೆ. ಆ ಅಂದಾಜು ಅವನಿಗೆ ಚೆಂಡು ಇನ್ನೂ ಹದಿನೈದು ಗಜ ದೂರ ಇರುವಾಗಲೇ ಆಗಿರುತ್ತದೆ. ಚೆಂಡು ಕೋಲಿಗೆ ತಾಗಿದ ಮೇಲೆ ಯೋಚಿಸುವವನು ಆ ಆಟಕ್ಕೆ ಬರುವುದಿಲ್ಲ.

ಬಿಟ್ಟುಕೊಡುವುದು ಎಂದೆನಲ್ಲ, ಗೆರೆ ಹಿಡಿಯುವಲ್ಲಿ ಅದಕ್ಕೂ ಒಂದು ರೀತಿಯಿದೆ. ಒಂದೇ ತಿರುವಿನಲ್ಲಿ ಸೇರುವ ಬದಲು, ಮುಳ್ಳು ತುದಿಯಿಂದ ಕದಲಿದ ಕೂಡಲೇ ಓರೆಯನ್ನು 45ರಿಂದ 20ಕ್ಕೆ ಇಳಿಸುವುದು. ಮುಳ್ಳಿನ ಓಟ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೊನೆಯ ತಿರುವು ಅಷ್ಟು ಚಿಕ್ಕದಾಗುತ್ತದೆ. ಹಿಂದೆ ಕುಳಿತವರ ಕೈಯಲ್ಲಿನ ಕಾಫಿ ಅಲುಗುವುದಿಲ್ಲ. ಕೇಂದ್ರ ದೂರವಿದ್ದಾಗ ಇದರಲ್ಲಿ ಹೊತ್ತು ವ್ಯರ್ಥವಾಗುತ್ತದೆ. ಹತ್ತಿರವಿದ್ದಾಗ ಇದೇ ಜೀವ ಉಳಿಸುತ್ತದೆ.

ಎಚ್‌ಎಸ್‌ಐ ಎಂಬ ಉಪಕರಣವಿರುವ ವಿಮಾನದಲ್ಲಿ ಇನ್ನೂ ನಯವಾದ ದಾರಿಯಿದೆ. ಅದರಲ್ಲಿ ದಿಕ್ಕಿನ ತಟ್ಟೆ ವಿಮಾನದ ಜೊತೆಗೇ ತಿರುಗುತ್ತದೆ. ತಟ್ಟೆಯ ನಡುವೆ ಕೋರ್ಸಿನ ಬಾಣ, ಬಾಣದ ನಡುಭಾಗ ಮಾತ್ರ ಬೇರ್ಪಟ್ಟು ಪಕ್ಕಕ್ಕೆ ಸರಿಯುವ ಒಂದು ಪಟ್ಟಿ. ಉಪಕರಣದ ನೆತ್ತಿಯಲ್ಲಿ ನಿಮ್ಮ ಹೆಡಿಂಗ್ ತೋರಿಸುವ ಗುರುತು. ಆ ನೆತ್ತಿಯ ಗುರುತು ಸರಿಯುವ ಪಟ್ಟಿಯ ಮೇಲ್ತುದಿಯ ನೇರಕ್ಕೆ ಬರುವಂತೆ ವಿಮಾನವನ್ನು ತಿರುಗಿಸಿ, ಪಟ್ಟಿ ಸರಿದಂತೆ ಅದನ್ನು ಹಿಂಬಾಲಿಸುತ್ತಾ ಹೋಗಿ. ಪಟ್ಟಿ ನಡುವಿಗೆ ಬಂದಷ್ಟೂ ನಿಮ್ಮ ಓರೆ ತಾನಾಗಿ ಕರಗುತ್ತದೆ. ದೊಡ್ಡ ತಿರುವೇ ಇಲ್ಲ. ಕಣಿಕೆ ನದಿ ಭಾಗಮಂಡಲದಲ್ಲಿ ಕಾವೇರಿಗೆ ಸೇರುವಷ್ಟು ಸದ್ದಿಲ್ಲದೆ ಗೆರೆ ಸಿಗುತ್ತದೆ. ಮೊದಲ ಸಲ ಇದನ್ನು ಮಾಡಿದ ವಿದ್ಯಾರ್ಥಿಗಳ ಮುಖ ಅರಳುವುದನ್ನು ನಾನು ಪಕ್ಕದ ಆಸನದಿಂದ ಎಷ್ಟೋ ಬಾರಿ ನೋಡಿದ್ದೇನೆ. ಆದರೆ ಅಡ್ಡಗಾಳಿ ಇದ್ದರೆ ಪಟ್ಟಿ ನಡುವನ್ನು ಮುಟ್ಟದೆ ತುಸು ಈಚೆಗೇ ನಿಂತುಬಿಡುತ್ತದೆ. ಗಾಳಿಯ ಮಾತನ್ನು ಆಮೇಲೆ ಹೇಳುತ್ತೇನೆ.

ಈಗ ಇಳಿಯುವ ಗೆರೆ. ನಮ್ಮ ಸುತ್ತಲಿನ ಎರಡು ವಿಮಾನ ನಿಲ್ದಾಣಗಳನ್ನು ನೆನೆಯಿರಿ: ಮಂಗಳೂರಿನ ಬಜ್ಪೆ, ಕಣ್ಣೂರಿನ ಮಟ್ಟನ್ನೂರು. ಎರಡೂ ಗುಡ್ಡದ ನೆತ್ತಿಯನ್ನು ಸಮ ಮಾಡಿ ಕಟ್ಟಿದವು. ಆಷಾಢದಲ್ಲಿ ಮೋಡ ಆ ನೆತ್ತಿಗೇ ಬಂದು ಕುಳಿತಿರುತ್ತದೆ. ರನ್‌ವೇಯ ನೇರಕ್ಕೆ ವಿಮಾನವನ್ನು ತರುವ ರೇಡಿಯೋ ಗೆರೆಗೆ ಲೋಕಲೈಸರ್ ಎಂದು ಹೆಸರು. ಅದರ ಆಂಟೆನಾ ರನ್‌ವೇಯ ಆಚೆಯ ತುದಿಯಿಂದಾಚೆ ಇರುತ್ತದೆ. ಇಲ್ಲಿ ಮುಳ್ಳಿನ ನಡುವಿನಿಂದ ತುದಿಗೆ 10 ಡಿಗ್ರಿಯಲ್ಲ, ಸುಮಾರು ಎರಡೂವರೆ ಡಿಗ್ರಿ. ವಿಓಆರ್‌ಗಿಂತ ನಾಲ್ಕು ಪಟ್ಟು ಚುರುಕು.

ಅದಕ್ಕೇ ಇಲ್ಲಿ 45 ಡಿಗ್ರಿ ಓರೆಯ ಮಾತಿಲ್ಲ. ಸಾಮಾನ್ಯವಾಗಿ 30 ಡಿಗ್ರಿ, ಸಾಧ್ಯವಾದರೆ ಅದಕ್ಕೂ ಕಡಿಮೆ. 30 ಡಿಗ್ರಿಯಲ್ಲಿ ಆಂಟೆನಾದಿಂದ 10 ಮೈಲಿ ದೂರದಲ್ಲಿ 90 ನಾಟ್‌ನ ಪುಟ್ಟ ವಿಮಾನಕ್ಕೆ ಮುಳ್ಳು ತುದಿಯಿಂದ ನಡುವಿಗೆ ಬರಲು ಸುಮಾರು 35 ಸೆಕೆಂಡು ಸಿಗುತ್ತದೆ. 180 ನಾಟ್‌ನಲ್ಲಿ ಬರುವ ಜೆಟ್ ವಿಮಾನಕ್ಕೆ ಅದರ ಅರ್ಧ. ಅದರಲ್ಲಿ ತಿರುವಿಗೇ ಹತ್ತು ಸೆಕೆಂಡು ಹೋಗುತ್ತದೆ. ಹಾಗಾಗಿ ಜೆಟ್ ಹಾರಿಸುವವನು ಮುಳ್ಳು ಕದಲಿತು ಎಂದ ಕ್ಷಣಕ್ಕೆ ಕೈಯನ್ನೂ ಮನಸ್ಸನ್ನೂ ಸಿದ್ಧವಾಗಿಟ್ಟಿರಬೇಕು. ವೇಗ ತಗ್ಗಿಸುವುದು, ಚಕ್ರ ಇಳಿಸುವುದು, ರೇಡಿಯೋದಲ್ಲಿ ಮಾತು, ಎಲ್ಲವೂ ಅದಕ್ಕೆ ಮುಂಚೆ ಮುಗಿದಿರಬೇಕು ಅಥವಾ ಅದರ ನಂತರಕ್ಕೆ ಕಾಯಬೇಕು. ಆ ಇಪ್ಪತ್ತು ಸೆಕೆಂಡು ಗೆರೆಗೆ ಮೀಸಲು.

ದಾಟಿಹೋದರೆ ಏನಾದೀತು, ತಿರುಗಿ ಬಂದರಾಯಿತಲ್ಲ ಎನ್ನಬಹುದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಅಕ್ಕಪಕ್ಕದಲ್ಲಿ ಎರಡು ರನ್‌ವೇಗಳಿವೆ. ಸಮಾನಾಂತರ ರನ್‌ವೇಗಳಿರುವ ಕಡೆ ನಿಮ್ಮ ಗೆರೆಯ ಆಚೆ ಖಾಲಿ ಆಕಾಶವಿಲ್ಲ, ಇನ್ನೊಬ್ಬರ ಗೆರೆ ಇದೆ. ಗುಡ್ಡಗಾಡಿನಲ್ಲಿ ಆಚೆ ಕಡೆ ಗುಡ್ಡವಿರುತ್ತದೆ. ನಮ್ಮ ತಡಿಯಂಡಮೋಳ್ 1748 ಮೀಟರ್ ಎತ್ತರವಿದೆ. ಮೋಡದೊಳಗೆ ಅದು ಕಾಣುವುದಿಲ್ಲ. ನಯವಾಗಿ ಗೆರೆ ಸೇರುವುದನ್ನು ನಾನು ಸೊಬಗಿನ ವಿಷಯವೆಂದು ಎಂದೂ ಕಲಿಸಲಿಲ್ಲ.

ಗಾಳಿ. ದುಬಾರೆಯಲ್ಲಿ ಕಾವೇರಿ ದಾಟುವಾಗ ದೋಣಿಯವರು ಏನು ಮಾಡುತ್ತಾರೆ? ನೀರು ಜೋರಾಗಿದ್ದರೆ ಎದುರಿನ ಮೆಟ್ಟಿಲಿಗೆ ಗುರಿಯಿಡುವುದಿಲ್ಲ. ಅದಕ್ಕಿಂತ ಮೇಲಕ್ಕೆ, ಹರಿವಿನ ಎದುರಿಗೆ ಮೂಗು ಇಡುತ್ತಾರೆ. ದೋಣಿ ಮೆಟ್ಟಿಲಿಗೇ ಬಂದು ಸೇರುತ್ತದೆ. ಆಕಾಶದಲ್ಲೂ ಹಾಗೆಯೇ. ಮಳೆಗಾಲದ ಪಡುವಣ ಗಾಳಿಯಲ್ಲಿ ನೀವು ಉತ್ತರಕ್ಕೆ ಸಾಗುವ ಗೆರೆ ಹಿಡಿಯುತ್ತಿದ್ದೀರಿ ಎಂದುಕೊಳ್ಳಿ. 20 ನಾಟ್ ಅಡ್ಡಗಾಳಿ, ನಿಮ್ಮ ವೇಗ 90 ನಾಟ್. ಅರವತ್ತರ ನಿಯಮವನ್ನೇ ಮತ್ತೆ ಬಳಸಿ: ಇಪ್ಪತ್ತನ್ನು ತೊಂಬತ್ತರಿಂದ ಭಾಗಿಸಿ ಅರವತ್ತರಿಂದ ಗುಣಿಸಿದರೆ ಸುಮಾರು 13 ಡಿಗ್ರಿ. ನೀವು ತಿರುವು ಮುಗಿಸಿ ನಿಲ್ಲಬೇಕಾದ ಹೆಡಿಂಗ್ 360 ಅಲ್ಲ, 347. ಕೋರ್ಸಿಗೆ ತಿರುಗಿ ನಿಂತವನು ಗೆರೆಯನ್ನು ಹಿಡಿದ ಮರುನಿಮಿಷದಿಂದಲೇ ಕಳೆದುಕೊಳ್ಳತೊಡಗುತ್ತಾನೆ.

ಗಾಳಿ ಎಷ್ಟಿದೆ ಎಂದು ತಿಳಿಯದಿದ್ದರೆ ಗೆರೆಯನ್ನೇ ಕೇಳಿ. ಕೋರ್ಸಿನ ಹೆಡಿಂಗ್ ಹಿಡಿದು ಮುಳ್ಳು ಯಾವ ಕಡೆಗೆ ಜಾರುತ್ತದೆ ನೋಡಿ. ಆ ಕಡೆಗೆ 20 ಡಿಗ್ರಿ ತಿರುಗಿ, ಮುಳ್ಳು ನಡುವೆ ಬಂದಾಗ ಅರ್ಧ ಮಾತ್ರ ಹಿಂದಕ್ಕೆ ಬನ್ನಿ, 10 ಡಿಗ್ರಿ ಉಳಿಸಿಕೊಳ್ಳಿ. ಮತ್ತೆ ಜಾರಿದರೆ ಇನ್ನೈದು ಕೊಡಿ ಅಥವಾ ಐದು ತೆಗೆಯಿರಿ. ಮೂರು ಸಲದೊಳಗೆ ಮುಳ್ಳು ನಿಲ್ಲುವ ಹೆಡಿಂಗ್ ಸಿಗುತ್ತದೆ. ಪ್ರತಿ ಸಲವೂ ಒಂದು ಹೆಡಿಂಗ್ ನಿರ್ಧರಿಸಿ, ಅದನ್ನು ಹಿಡಿದು, ಆಮೇಲೆ ಮುಳ್ಳನ್ನು ನೋಡಬೇಕು. ಮುಳ್ಳನ್ನು ನೋಡುತ್ತಾ ತಿರುಗಿಸುತ್ತಲೇ ಇರುವುದಲ್ಲ. ನನ್ನ ಶಿಕ್ಷಕರ ಆ ಚೀಟಿ ಕಲಿಸಿದ್ದು ಇದನ್ನೇ.

ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ: ಈಗ ಜಿಪಿಎಸ್ ಬಂದಿದೆ, ಆಟೋಪೈಲಟ್ ಇದೆ, ಇದನ್ನು ಕೈಯಿಂದ ಕಲಿಯುವುದು ಏಕೆ? ಉಪಗ್ರಹದ ಗೆರೆ ನಿಜವಾಗಿಯೂ ದೊಡ್ಡ ಸೌಕರ್ಯ. ಜಿಪಿಎಸ್ ಸಂಕೇತವನ್ನು ತಿದ್ದಿ ಇನ್ನಷ್ಟು ನಿಖರ ಮಾಡುವ, ನಮ್ಮ ದೇಶದ್ದೇ ಆದ ಗಗನ್ ವ್ಯವಸ್ಥೆಯನ್ನು ಬಳಸಿ 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಕಂಪನಿಯೊಂದರ ವಿಮಾನ ಇಳಿಯಿತು. ಆ ಸುದ್ದಿ ಓದಿದ ದಿನ ನನಗೆ ಬಹಳ ಸಂತೋಷವಾಯಿತು. ಪುಟ್ಟ ನಿಲ್ದಾಣಗಳಿಗೆ ದುಬಾರಿ ಆಂಟೆನಾಗಳಿಲ್ಲದೆಯೇ ಒಳ್ಳೆಯ ಗೆರೆ ಸಿಗುತ್ತದೆ. ಜಿಪಿಎಸ್ ದಾರಿಯಲ್ಲಿ ಮುಳ್ಳು ಕೋನವನ್ನಲ್ಲ, ದೂರವನ್ನು ಅಳೆಯುತ್ತದೆ. ಕೇಂದ್ರ ಹತ್ತಿರವಾದಂತೆ ಬೆದರುವುದಿಲ್ಲ. ಆದರೆ ದಾರಿಯಿಂದ ಇಳಿಯುವ ಹಂತಕ್ಕೆ ಬಂದಾಗ ಉಪಕರಣ ತಾನಾಗಿ ಅಳತೆಯನ್ನು ಬದಲಿಸುತ್ತದೆ. ಸಾಮಾನ್ಯವಾಗಿ ದಾರಿಯಲ್ಲಿ ನಡುವಿನಿಂದ ತುದಿಗೆ 2 ಮೈಲಿ, ನಿಲ್ದಾಣದ ಹತ್ತಿರ 1 ಮೈಲಿ, ಇಳಿಯುವಾಗ 0.3 ಮೈಲಿ. ಅಳತೆ ಬದಲಾದರೆ ಮುಳ್ಳಿನ ಓಟವೂ ಬದಲಾಗುತ್ತದೆ. ಎಣಿಸಲು ಕಲಿತವಳಿಗೆ ಅದು ಕೂಡಲೇ ತಿಳಿಯುತ್ತದೆ. ಆಟೋಪೈಲಟ್ ಸರಿಯಾಗಿ ಹಿಡಿಯುತ್ತಿದೆಯೇ, ದಾಟಲು ಹೊರಟಿದೆಯೇ ಎಂಬುದೂ ಅವಳಿಗೆ ಐದು ಸೆಕೆಂಡು ಮುಂಚೆ ತಿಳಿಯುತ್ತದೆ. ಯಂತ್ರದ ಮೇಲೆ ಕಣ್ಣಿಡಬೇಕಾದವಳಿಗೆ ಆ ಐದು ಸೆಕೆಂಡು ಸಾಕು.

ಅವಳದೇ ಇನ್ನೊಂದು ಪ್ರಶ್ನೆ: ಇಷ್ಟೆಲ್ಲ ಮಾಡಿಯೂ ಮುಳ್ಳು ದಾಟಿಹೋದರೆ? ತಿರುವನ್ನು ಬಿಗಿ ಮಾಡಬೇಡ. ಮೋಡದೊಳಗೆ ಕಡಿದಾಗಿ ವಾಲಿಸುವುದು ಗೆರೆ ತಪ್ಪುವುದಕ್ಕಿಂತ ದೊಡ್ಡ ಅಪಾಯ. ಹಿಡಿದ ತಿರುವನ್ನು ಅದೇ ಹದದಲ್ಲಿ ಮುಂದುವರಿಸಿ, ಕೋರ್ಸನ್ನು ದಾಟಿ ಆಚೆಗೆ ಹತ್ತೋ ಹದಿನೈದೋ ಡಿಗ್ರಿ ಹೆಚ್ಚು ತಿರುಗಿ ನಿಲ್ಲು. ಹೊಸದಾಗಿ ಎಣಿಸು. ಲೋಕಲೈಸರ್‌ನಲ್ಲಿ ಮುಳ್ಳು ಆಚೆಯ ತುದಿಗೇ ಹೋಗಿ ನಿಂತರೆ ಎಣಿಕೆಯೂ ಬೇಡ, ಇಳಿಯುವುದನ್ನು ಬಿಟ್ಟು ಮೇಲೇರು. ವಿಓಆರ್ ಕೇಂದ್ರದ ನೆತ್ತಿಯ ಮೇಲಂತೂ ಮುಳ್ಳು ಎಡಬಲ ಓಡಿ, ನಂಬಬೇಡ ಎಂಬ ಗುರುತನ್ನೂ ತೋರಿಸುತ್ತದೆ. ಅಲ್ಲಿ ಹೆಡಿಂಗ್ ಹಿಡಿದು ಸುಮ್ಮನೆ ಹೋಗುವುದೇ ಕೆಲಸ. ಗೂಟದಿಂದ ಆರು ಹೆಜ್ಜೆಯಲ್ಲಿ ಮೈಭಾರ ಬದಲಿಸಿದ್ದು ನೆನಪಿದೆಯಲ್ಲ?

ಆ ಗೂಟದ ಪಾಠವನ್ನು ಮಾತಿನಲ್ಲಿ ಹೇಳಿದ್ದು ನನಗೇ ಸಾಲದು ಅನ್ನಿಸುತ್ತಿದೆ. ಮಳೆ ಹೊಳವಾದ ಮೊದಲ ಭಾನುವಾರ ಕಾಲೇಜಿನ ಮೈದಾನಕ್ಕೆ ಬನ್ನಿ. ಗೂಟ ಮತ್ತು ಹಗ್ಗ ನಾನು ತರುತ್ತೇನೆ. ನಿಮ್ಮಲ್ಲಿ ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓರೆಯಾಗಿ ನಡೆಯಬೇಕು, ಇನ್ನೊಬ್ಬರು ಗೂಟದ ಬಳಿ ಕೋನಮಾಪಕ ಹಿಡಿದು ನಿಂತು ಡಿಗ್ರಿಗಳನ್ನು ಜೋರಾಗಿ ಕೂಗಬೇಕು: ಹತ್ತು, ಎಂಟು, ಆರು, ನಾಲ್ಕು. ನಡೆಯುವವರು ಕೇಳಿಸಿಕೊಳ್ಳಬೇಕಾದದ್ದು ಅಂಕಿಗಳನ್ನಲ್ಲ, ಒಂದು ಅಂಕಿಗೂ ಮುಂದಿನ ಅಂಕಿಗೂ ನಡುವಿನ ಬಿಡುವನ್ನು. ಮೊದಲ ಸುತ್ತನ್ನು ಅರವತ್ತು ಹೆಜ್ಜೆಯಿಂದ ಶುರು ಮಾಡೋಣ.